ಉಪಗ್ರಹದ ಹಿಂದೆ ಹೋದ ಬಿಳಿ ಅಂಗಿಗಳು

"ಇವತ್ತಿನಿಂದ ಈ ಮನೇಲಿ ಆಂಟೆನಾ ತಿರುಗಿಸೋಕೆ ಮನುಷ್ಯನ ಕೈ ಬೇಕಿಲ್ಲ" ಎಂದು ಲಯನೆಲ್ ಪೆಂಗೆಲಿ ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು, ಸಂಸತ್ತಿನಲ್ಲಿ ಮಸೂದೆ ಮಂಡಿಸುವವನ ಹಾಗೆ ಸಾರಿದ.

ಹೆಂಡತಿ ನೊಯಲೀನ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಆ ಕೈ ಬಿಡುವಾಯ್ತಲ್ಲ. ಪಾತ್ರೆ ತೊಳೆದುಬಿಡು."

ಲಯನೆಲ್‌ನದು ಹವ್ಯಾಸಿ ರೇಡಿಯೊ. ತಲೆಯ ಮೇಲೆ ಹಾದುಹೋಗುವ ಉಪಗ್ರಹಕ್ಕೆ ಮಾತು ತಾಗಿಸಿ, ನ್ಯೂಜಿಲೆಂಡಿನ ಯಾವನೋ ಪುಣ್ಯಾತ್ಮನೊಡನೆ ಮಾತಾಡುವುದು ಅವನ ಜೀವನದ ಪರಮಾನಂದ. ಮಾತೇನು ಮಹಾ? "ನನ್ನ ದನಿ ಕೇಳ್ತಿದೆಯಾ?" ಎಂದು ಇವನು ಕೇಳಬೇಕು, "ಕೇಳ್ತಿದೆ, ನನ್ನದು?" ಎಂದು ಅವನು ಕೇಳಬೇಕು. ಅಷ್ಟರಲ್ಲಿ ಉಪಗ್ರಹ ಮುಳುಗುತ್ತದೆ. ಅಷ್ಟಕ್ಕೇ ಇವನು ವಾರವಿಡೀ ಸೀಟಿ ಹೊಡೆಯುತ್ತಾ ಓಡಾಡುತ್ತಾನೆ.

ಉಪಗ್ರಹ ಓಡಿದ ಕಡೆಗೆಲ್ಲ ಆಂಟೆನಾ ತಿರುಗಬೇಕು. ಅದಕ್ಕೊಂದು ಕಂಬ ಬೇಕು, ಕಂಬಕ್ಕೊಂದು ಮೋಟರು ಬೇಕು. ಮೋಟರು ಕೊಂಡ ಲಯನೆಲ್‌ಗೆ ಕಂಬ ಕೊಳ್ಳಲು ಮನಸ್ಸು ಬರಲಿಲ್ಲ. ವಲ್ಲರೂ ಊರಿನ ಎಲ್ಲ ಹಿತ್ತಿಲುಗಳ ಹಾಗೆ ಅವನ ಹಿತ್ತಿಲ ನಡುವೆಯೂ ಬಟ್ಟೆ ಒಣಹಾಕುವ ತಿರುಗುಕಂಬವೊಂದು, ಬಟ್ಟೆಯಿಲ್ಲದ ದೊಡ್ಡ ಕೊಡೆಯಂತೆ ಕೈ ಚಾಚಿ ನಿಂತಿತ್ತು. ಸಿಮೆಂಟಿನಲ್ಲಿ ಹೂತ ಗಟ್ಟಿ ಕಂಬ, ಮೇಲಾಗಿ ಆಗಲೇ ತಿರುಗುವಂಥದ್ದು. ಅದರ ಕುತ್ತಿಗೆಗೆ ಮೋಟರು ಕಟ್ಟಿ, ನೆತ್ತಿಗೆ ಮೀನಿನ ಮುಳ್ಳಿನಂಥ ಆಂಟೆನಾ ಸಿಕ್ಕಿಸಿಬಿಟ್ಟ. ಆಂಟೆನಾ ತಿರುಗಿದರೆ ಅದರೊಡನೆ ಕಂಬದ ಕೈಗಳೂ ತಿರುಗುತ್ತಿದ್ದವು. ನೊಯಲೀನ್ ಒಂದೇ ಮಾತಿಗೆ ಒಪ್ಪಿದ್ದಳು: ಬಟ್ಟೆ ಹಾಕಿರುವಾಗ ಮೋಟರು ಮುಟ್ಟಕೂಡದು. ಷೆಡ್ಡಿನಲ್ಲಿ ಕೂತು ಗುಂಡಿ ತಿರುಗಿಸಿಯೇ ಮೋಟರು ನಡೆಸುವಷ್ಟು ದಿನ ಆ ಮಾತು ನಡೆಯಿತು. ಈಗ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂದಿತ್ತು. ಯಾವ ಉಪಗ್ರಹ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತದೆಂದು ಅದಕ್ಕೆ ಗೊತ್ತು. ಮೋಟರನ್ನು ಅದೇ ತಿರುಗಿಸುತ್ತದೆ. "ಯಾವ ಉಪಗ್ರಹ ಬೇಕು?" ಎಂದು ಅದು ಕೇಳಿದಾಗ ಲಯನೆಲ್ ಮದುವೆಯೂಟಕ್ಕೆ ಕೂತವನಂತೆ "ಎಲ್ಲವೂ" ಎಂದು ಒತ್ತಿದ್ದ.

ಮರುದಿನ ಶನಿವಾರ. ನೊಯಲೀನಳ ಬೌಲ್ಸ್ ತಂಡಕ್ಕೆ ಮಧ್ಯಾಹ್ನ ಕಪ್ ಪಂದ್ಯಾವಳಿಯ ಕೊನೆಯ ಆಟ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟವೆಂದು ನಗಬೇಡಿ. ಆ ಹೆಂಗಸರಿಗೆ ಅದು ಕುರುಕ್ಷೇತ್ರ. ತಂಡದ ನಾಲ್ವರ ಉಡುಪೂ ಒಂದೇ ತೆರನಾಗಿರಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಹೋದ ವರ್ಷ ಒಬ್ಬಾಕೆಯ ಅಂಗಿ ಉಳಿದ ಮೂವರದರಂತೆ ಬಿಳಿಯಲ್ಲ, ಕೆನೆಬಣ್ಣ ಎಂದು ಅಂಪೈರು ನಾಲ್ವರನ್ನೂ ಹುಲ್ಲಿಗೆ ಕಾಲಿಡಗೊಡದೆ ಮನೆಗೆ ಕಳಿಸಿದ್ದರು. ಆ ಕೆನೆಬಣ್ಣದಾಕೆ ನೊಯಲೀನಳೇ. ಈ ಸಲ ನಾಲ್ಕು ಹೊಸ ಅಂಗಿಗಳನ್ನೂ ತಾನೇ ತಂದು, ಒಂದೇ ನೀರು, ಒಂದೇ ಸೋಪು, ಒಂದೇ ಬಿಸಿಲು ಕಾಣಿಸಿ, ಅಡುಗೆಮನೆಯ ಕಡೆಯ ತಂತಿಗೆ ಸಾಲಾಗಿ ಸಿಕ್ಕಿಸಿದಳು.

ಆಚೆ ಬದಿಯ ತಂತಿಗೆ ಅವಳು ಬಟ್ಟೆ ಹಾಕುತ್ತಿರಲಿಲ್ಲ. ಪಕ್ಕದ ಮನೆಯ ಸ್ತಾವ್ರೋಸನ ಹಿಪ್ಪುನೇರಳೆ ಮರ ಬೇಲಿ ದಾಟಿ ಅಲ್ಲಿಗೆ ಕೊಂಬೆ ಚಾಚಿತ್ತು. ಹಣ್ಣು ಕಳಿತು ಕಪ್ಪಾಗಿ, ಮುಟ್ಟಿದರೆ ಒಡೆಯುವಂತಿತ್ತು.

"ಯಂತ್ರ ಆರಿಸಿದ್ದೀಯಾ ಲಯನೆಲ್?"

"ರೇಡಿಯೊ ಆಗ್ಲೇ ಆರಿಸಿದ್ದೀನಿ ಕಣೇ. ಇವತ್ತು ನಾನು ಮೂಗ."

"ಇವತ್ತು ಮಾತ್ರವಾ?" ಎಂದು ಕೇಳಿ, ಸ್ಯಾಂಡ್‌ವಿಚ್ ಮಾಡಲು ಅವಳು ಕ್ಲಬ್ಬಿಗೆ ಹೋದಳು.

ರೇಡಿಯೊ ಆರಿಸಿದ್ದೇನೋ ನಿಜ. ಆದರೆ ರೇಡಿಯೊ ಬರೀ ಬಾಯಿ; ಮೋಟರು ಹಿಡಿದದ್ದು ಕಂಪ್ಯೂಟರು. ಬಾಯಿ ಮುಚ್ಚಿದ್ದು ಅದಕ್ಕೆ ತಿಳಿಯುವುದಾದರೂ ಹೇಗೆ?

ಲಯನೆಲ್ ಅಡುಗೆಮನೆಯಲ್ಲಿ ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದ. ಕಿಟಕಿಯಾಚೆ ಬಿಳಿ ಅಂಗಿಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ಹೋಯಿತು. ಗಾಳಿ ಎಂದುಕೊಂಡ. ಹಿಂದೆಯೇ ಇನ್ನೊಂದು ಅಂಗಿ, ಅಂತ್ಯಯಾತ್ರೆಗೆ ಹೊರಟವರ ಗಾಂಭೀರ್ಯದಿಂದ ಸಾಗಿತು. ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ. ಲಯನೆಲ್ ಟೋಸ್ಟು ಬಿಟ್ಟು ಹಿತ್ತಿಲಿಗೆ ಧಾವಿಸಿದ.

ಷೆಡ್ಡಿಗೆ ಓಡಬೇಕಿತ್ತು. ಗಾಬರಿಯಲ್ಲಿ ಕಂಬಕ್ಕೇ ಓಡಿ ಅದರ ಕೈಯೊಂದನ್ನು ಹಿಡಿದು ಎಳೆದು ನಿಂತ. ಮೋಟರು ಅವನನ್ನೂ ಬಟ್ಟೆಯ ಲೆಕ್ಕಕ್ಕೆ ಸೇರಿಸಿಕೊಂಡು ಎಳೆದುಕೊಂಡು ಹೊರಟಿತು. ಮನೆಚಪ್ಪಲಿ ಒಂದು ಹಿಂದುಳಿಯಿತು.

ಬೇಲಿಯ ಮೇಲೆ ಸ್ತಾವ್ರೋಸನ ಬೋಳುತಲೆ ಎದ್ದಿತು. "ಏನಪ್ಪಾ ಲಯನೆಲ್, ಬೆಳಿಗ್ಗೆ ಬೆಳಿಗ್ಗೆ ಕುಣಿತ? ಜೋಡಿ ಸ್ವಲ್ಪ ಸಪೂರ ಆಯ್ತು."

"ನಿಲ್ತಾ ಇಲ್ಲ ಮಾರಾಯ! ಕೊಂಬೆ ಹಿಡ್ಕೋ, ಕೊಂಬೆ!"

"ಕೊಂಬೆ ಹಿಡಿದ್ರೆ ಹಣ್ಣು ಉದುರುತ್ತೆ. ಪ್ಲಗ್ಗು ಕಿತ್ತರೆ ಆಗಲ್ವಾ?"

ಅದು ಹೊಳೆದಿರಲಿಲ್ಲ. ಒಂಟಿ ಚಪ್ಪಲಿಯಲ್ಲಿ ಷೆಡ್ಡಿನತ್ತ ಹಾರಿದ. ಅಷ್ಟರಲ್ಲಿ ನಾಲ್ಕು ಅಂಗಿಗಳೂ ಒಂದೊಂದಾಗಿ ಕೊಂಬೆಗೆ ಎದೆಯೊಡ್ಡಿ ದಾಟಿದವು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮೋಟರಿಗೆ ದಕ್ಷಿಣದಲ್ಲೊಂದು ತಡೆಯಿದೆ. ದಾಟಿದರೆ ಆಂಟೆನಾದ ವೈರು ಕಂಬಕ್ಕೆ ಸುತ್ತಿಕೊಂಡು ಹರಿಯುತ್ತದೆ. ಉಪಗ್ರಹ ಅದೇ ಗಳಿಗೆಗೆ ಆ ಗೆರೆ ದಾಟಿತು. ಅದರ ಜೊತೆ ಹೋಗಲಾರದ ಮೋಟರು ಗಕ್ಕನೆ ನಿಂತು, ಇನ್ನೊಂದು ಕಡೆಯಿಂದ ಅದೇ ಜಾಗಕ್ಕೆ ಸೇರಲು ಪೂರ್ತಿ ಸುತ್ತು ಹಿಂದಕ್ಕೆ, ಈ ಸಲ ಭರದಿಂದ, ಹೊರಟಿತು. ಲಯನೆಲ್ ಪ್ಲಗ್ಗು ಕೀಳುವ ಹೊತ್ತಿಗೆ ಅಂಗಿಗಳಿಗೆ ಎರಡನೆಯ ಲೇಪವೂ ಮುಗಿದಿತ್ತು.

ನಾಲ್ಕರ ಎದೆಯ ಮೇಲೂ ಕಡುನೇರಳೆ ಪಟ್ಟಿ.

ಲಯನೆಲ್ ಬಕೆಟ್ಟಿನ ಮೇಲೆ ಕುಸಿದು ಕೂತ. ಹೋದ ವರ್ಷ ನೊಯಲೀನ್ ಮನೆಗೆ ಬಂದು, ಆ ಅಂಗಿಯನ್ನು ಕಳಚದೆ ಕತ್ತಲಾಗುವ ತನಕ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದು ನೆನಪಾಯಿತು. ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದ.

"ಅಳಬೇಡ. ನಮ್ಮಮ್ಮ ಹಿಪ್ಪುನೇರಳೆ ಕಲೆಗೆ ಹಿಪ್ಪುನೇರಳೆ ಕಾಯನ್ನೇ ಉಜ್ಜೋಳು" ಎಂದ ಸ್ತಾವ್ರೋಸ್.

"ಹೋಗುತ್ತಾ?"

"ನನ್ನ ಅಂಗೀದಂತೂ ಹೋಗ್ತಿತ್ತು. ಕೆನ್ನೆ ಮಾತ್ರ ಕೆಂಪಾಗೇ ಇರ್ತಿತ್ತು."

ಹೋಯಿತು. ಹಸಿರು ಕಾಯಿ ಜಜ್ಜಿ, ಉಜ್ಜಿ, ತೊಳೆದು, ಇಸ್ತ್ರಿ ಒತ್ತಿ ಒಣಗಿಸಿ ಒಂದಂಗಿ ಗೆದ್ದ. ಎರಡು ಗೆದ್ದ. ಬೆರಳ ತುದಿ ಸುಲಿದರೂ ಬಿಡದೆ ಮೂರು ಗೆದ್ದ. ನಾಲ್ಕನೆಯದಕ್ಕೆ ಕೈಯಿಟ್ಟರೆ ಕಾಯಿಯಿಲ್ಲ. ಹಣ್ಣಿನ ಕಾಲ ಮುಗಿಯುತ್ತಾ ಬಂದಿತ್ತು. ಸ್ತಾವ್ರೋಸ್ ಏಣಿ ಹತ್ತಿ ಮರವನ್ನೆಲ್ಲ ಜಾಲಾಡಿ "ಎಲ್ಲಾ ಮಾಗಿಬಿಟ್ಟಿದೆ ಕಣಯ್ಯಾ" ಎಂದು ಬರಿಗೈಯಲ್ಲಿ ಇಳಿದ. ಆಗಲೇ ಅಂಗಳದಲ್ಲಿ ಕಾರು ನಿಂತಿತು.

ನೊಯಲೀನ್ ಬಂದಳು. ಮೂರು ಬಿಳಿ ಅಂಗಿ ನೋಡಿದಳು, ಒಂದು ನೇರಳೆ ಪಟ್ಟಿಯ ಅಂಗಿ ನೋಡಿದಳು, ಒಂಟಿ ಚಪ್ಪಲಿಯ ಗಂಡನನ್ನು ನೋಡಿದಳು.

"ಮೂರು ಮೊದಲಿನ ಥರಾನೇ ಆಗಿವೆ ನೊಯಲೀನ್, ನೋಡು ಬೇಕಾದ್ರೆ. ಒಂದೇ ಒಂದು..."

"ಆ ಒಂದು ಹೋಗುತ್ತಾ?"

"ಕಾಯಿ ಮುಗೀತು."

"ಬೇರೆ ಅಂಗಿ?"

"ನೀನೇ ಹೇಳ್ಬೇಕು."

ಅವಳು ಗಡಿಯಾರ ನೋಡಿದಳು. ಮುಖ ಬಿಳುಪೇರಿತು. ಸ್ತಾವ್ರೋಸ್ ಮೆಲ್ಲಗೆ ಬೇಲಿಯ ಕೆಳಗೆ ಇಳಿದ. ಲಯನೆಲ್ ಬೈಗುಳಕ್ಕೆ ತಲೆ ತಗ್ಗಿಸಿ ಕಾದ. ಕಣ್ಣೆತ್ತಿದರೆ ಅವಳು ಕೊಂಬೆಯ ಕೆಳಗೆ ನಿಂತು ಕಳಿತ ಹಣ್ಣುಗಳನ್ನು ಬಟ್ಟಲಿಗೆ ಕೀಳುತ್ತಿದ್ದಳು.

"ಒಂದನ್ನ ಬಿಳಿ ಮಾಡೋಕೆ ಹೊತ್ತಿಲ್ಲ. ಮೂರನ್ನ ನೇರಳೆ ಮಾಡೋಕಿದೆ. ತಗೋ, ಬಳಿ."

"ಈಗ ತಾನೇ ತೊಳ್ದಿದ್ದೀನಿ ಕಣೇ..."

"ಅದಕ್ಕೇ ಹೇಳಿದ್ದು. ಎಲ್ಲೆಲ್ಲಿ ತೊಳ್ದೆ ಅಂತ ನಿಂಗೇ ಸರಿಯಾಗಿ ಗೊತ್ತಿರೋದು."

ಸುಲಿದ ಬೆರಳುಗಳಿಂದ, ಕಣ್ಣಲ್ಲಿ ನೀರು ತುಂಬಿಕೊಂಡು, ತಾನು ಗೆದ್ದ ಮೂರು ಅಂಗಿಗಳಿಗೂ ಲಯನೆಲ್ ಮತ್ತೆ ಪಟ್ಟಿ ಬಳಿದ.

ಕ್ಲಬ್ಬಿನಲ್ಲಿ ಅಂಪೈರಮ್ಮ ನಾಲ್ವರನ್ನೂ ಸಾಲಾಗಿ ನಿಲ್ಲಿಸಿ, ಕನ್ನಡಕ ಏರಿಸಿ ಒಂದು ಸಲ, ಇಳಿಸಿ ಒಂದು ಸಲ ನೋಡಿದರು. ಬೇಲಿಯ ಬಳಿ ನಿಂತ ಲಯನೆಲ್ ನೇರಳೆ ಕೈಗಳನ್ನು ಜೇಬಿನಲ್ಲಿ ಅಡಗಿಸಿಕೊಂಡ.

"ನಾಲ್ಕೂ ಒಂದೇ ಥರ ಇವೆ. ಆಡಿ" ಎಂದರು ಅಂಪೈರಮ್ಮ. ಆಮೇಲೆ ದನಿ ತಗ್ಗಿಸಿ, "ಚೆನ್ನಾಗಿದೆ ಕಣ್ರೀ. ಯಾರ ಹತ್ರ ಹಾಕಿಸಿದ್ರಿ? ನಮ್ಮ ಅಂಪೈರುಗಳದ್ದೂ ಒಂದಷ್ಟು ಅಂಗಿ ಇವೆ."

ನೊಯಲೀನ್ ಬೇಲಿಯತ್ತ ಬೆರಳು ತೋರಿಸಿದಳು. "ಅಗೋ ನಮ್ಮ ಯಜಮಾನರು. ಸೋಮವಾರ ತಂದ್ಕೊಡಿ. ಪುರುಸೊತ್ತಾಗೇ ಇರ್ತಾರೆ. ಸೋಮವಾರದಿಂದ ಅವರ ಹತ್ರ ರೇಡಿಯೊ ಇರಲ್ಲ."