ಅಮಾವಾಸ್ಯೆ ಪೂಜೆಗೆ ಕೂತ ಗಾಲ್ಫ್ ಗುರುಗಳಿಗೆ

ಅಂಗೈಯಗಲದ ವಿಡಿಯೋ ಗೇಮ್ ಪೆಟ್ಟಿಗೆಯೊಳಗೆ, ಹಸಿರು ಹುಲ್ಲಿನ ಮೇಲೆ, ಬಿಳಿ ಮೀಸೆ ಬಿಟ್ಟುಕೊಂಡು, ತಲೆಗೆ ಟೋಪಿ ಇಟ್ಟುಕೊಂಡು, ಹೊತ್ತುಗೊತ್ತಿಲ್ಲದೆ ನಿಂತೇ ಇರುವ ಗಾಲ್ಫ್ ಕ್ಲಬ್ಬಿನ ಮಾನ್ಯ ಗುರುಗಳ ಸನ್ನಿಧಿಗೆ,

ಮಾನ್ಯರೇ,

ದಾವಣಗೆರೆಯಿಂದ ನೇತ್ರಾವತಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ನಮ್ಮ ಮನೆಯವರು ಗಳಿಗೆಗೊಮ್ಮೆ ಗುಂಡಿ ಒತ್ತಿ ವಿಚಾರಿಸುತ್ತಲೇ ಇರುವುದರಿಂದ ನಾನು ಬೇರೆ ಕೇಳುವ ಅಗತ್ಯ ಕಾಣುವುದಿಲ್ಲ. ಗಂಡನ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ, ಬರೆಯುವವಳೂ ಅಲ್ಲ. ಆಟ ಸುರುವಾಗುವ ಮೊದಲೇ ತಾವು ಅದನ್ನು ಒಂದೊಂದೇ ಅಕ್ಷರವಾಗಿ ಅವರಿಂದ ಬರೆಸಿಕೊಂಡಿರುವುದರಿಂದ, ಯಾರ ಸುದ್ದಿ ಎಂಬುದು ತಮಗೆ ಗೊತ್ತೇ ಇದೆ.

ನಮ್ಮವರು ಹತ್ತಿ ಮಿಲ್ಲಿನ ನೇಯ್ಗೆ ವಿಭಾಗದಲ್ಲಿದ್ದರು. ಮಿಲ್ಲು ಬಾಗಿಲು ಹಾಕಿತು. ಅಂದಿನಿಂದ ವಿದ್ಯಾನಗರದ ಹೆಂಗಸರ ರವಿಕೆ ಹೊಲಿದು ನಾನೇ ಮನೆ ಎಳೆಯುತ್ತಿದ್ದೇನೆ. ಹರಿಹರದಲ್ಲಿ ನನ್ನ ತಮ್ಮ ಪರಶುರಾಮನಿಗೆ ಕಿಟಕಿಯ ಗ್ರಿಲ್ ಮಾಡುವ ಒಂದು ವರ್ಕ್‌ಶಾಪ್ ಇದೆ. ಅವನು ಬಂದು, "ಭಾವ ಬರ್ಲಿ ಅಕ್ಕಾ, ನಮ್ಮ ಮಸ್ತಾನಸಾಬ್ ಕೈಕೆಳಗೆ ವೆಲ್ಡಿಂಗ್ ಕಲೀಲಿ. ಸಂಕ್ರಾಂತಿ ಮಟ ಕಾಯ್ತೀನಿ, ಆಮ್ಯಾಲೆ ಬ್ಯಾರೆಯವ್ರನ್ನ ನೋಡ್ಕತೀನಿ" ಎಂದು ಹೇಳಿ ಹೋದ. ಮಸ್ತಾನಸಾಬ್ ನಮ್ಮವರಿಗಿಂತ ವಯಸ್ಸಿನಲ್ಲಿ ತೀರಾ ಚಿಕ್ಕವನು. "ಈ ವಯಸ್ಸಿಗೆ ಮತ್ತೆ ಹೆಲ್ಪರ್ ಆಗ್ಲಾ? ಬ್ಯಾಡ ಬಿಡು" ಎಂದು ಇವರು ಗೋಡೆಗೆ ಮುಖ ಮಾಡಿ ಮಲಗಿದರು. ಆ ಮುಖವನ್ನು ಗೋಡೆಯಿಂದ ತಿರುಗಿಸಿದ ಕೀರ್ತಿ ತಮ್ಮದು. ತಿರುಗಿಸಿ ಹರಿಹರದ ಕಡೆಗೆ ಬಿಡುವ ಬದಲು ತಮ್ಮ ಕಡೆಗೇ ಇಟ್ಟುಕೊಂಡಿರುವುದು ನನ್ನ ತಕರಾರು.

ಪಕ್ಕದ ಮನೆಯ ನಸೀಮಾಳ ಅಣ್ಣ ದುಬೈಯಿಂದ ರಜೆಗೆ ಬಂದವನು, "ಟೈಮ್ ಪಾಸಿಗೆ ಇಟ್ಕಳ್ರಿ" ಎಂದು ತಮ್ಮನ್ನು ನಮ್ಮವರ ಕೈಗೆ ಕೊಟ್ಟು ಹೋದ. ಬರೀ ಚೆಂಡು ಹೊಡೆಯುವ ಆಟವಾಗಿದ್ದರೆ ಎರಡು ದಿನಕ್ಕೆ ಬೇಸರ ಬಂದು ಮೂಲೆಗೆ ಸೇರುತ್ತಿತ್ತು. ತಾವು ಹಾಗೆ ಬಿಡುವವರೇ? ಕ್ಲಬ್ಬಿನಲ್ಲಿ ಅವರನ್ನು ಓಡಾಡಿಸಿದಿರಿ, ನಾಲ್ಕು ಜನರ ಪರಿಚಯ ಮಾಡಿಸಿದಿರಿ, ಪಾಠ ಹೇಳಿದಿರಿ, ಚೆನ್ನಾಗಿ ಹೊಡೆದಾಗಲೆಲ್ಲ 'ನೈಸ್ ಶಾಟ್' ಎಂದು ಕೂಗಿ, ಸಂಗೀತ ಬಾರಿಸಿ ಒಂದು ಲೆವೆಲ್ ಮೇಲೇರಿಸಿದಿರಿ. ಏರಿದ ಮೇಲೆ, ನಿಮಗೆ ತೋಳಿನ ಬಲ ಬೇಕೋ, ಚೆಂಡು ಸೀದಾ ಹೋಗುವ ಗುಣ ಬೇಕೋ ಎಂದು ಅವರನ್ನೇ ಕೇಳಿದಿರಿ! ಮಿಲ್ಲಿನಲ್ಲಿ ಮಗ್ಗದವರ ಮೇಲಿನ ಮೇಸ್ತ್ರಿ, ಅಂದರೆ ಜಾಬರ್, ಆಗಬೇಕೆಂದು ಆಸೆಪಟ್ಟು ತಲೆಗೂದಲು ನರೆತವರಿಗೆ, ಏನು ಬೇಕೆಂದು ಒಬ್ಬರೂ ಕೇಳಿರಲಿಲ್ಲ. ಬಡ್ತಿ ಎಂದರೆ ತಮ್ಮ ಹಾಗೆ ಕೊಡಬೇಕು ಎಂದು ನಾನು ಮುಕ್ತಕಂಠದಿಂದ ಹೊಗಳುತ್ತೇನೆ. ಸಂಬಳ ಎಂಬ ಒಂದು ಸಣ್ಣ ಪದ್ಧತಿ ಹೊರಗಿನ ಲೋಕದಲ್ಲಿ ರೂಢಿಯಲ್ಲಿರುವುದು ಮಾತ್ರ ಕ್ಲಬ್ಬಿನ ಆಡಳಿತದ ಗಮನಕ್ಕೆ ಬಂದಂತಿಲ್ಲ.

ತಮ್ಮ ಶಿಕ್ಷಣದ ಫಲವನ್ನು ನಮ್ಮ ಮನೆ ಚೆನ್ನಾಗಿಯೇ ಉಂಡಿದೆ. ಅವರು ಈಗ ಬಚ್ಚಲ ನೀರನ್ನು ಅಂಗಳಕ್ಕೆ ಚೆಲ್ಲುವ ಮುಂಚೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತಾರೆ. ಸೊಸೈಟಿಗೆ ಹೋಗಿ ಸೀಮೆಎಣ್ಣೆ ತನ್ನಿರಿ ಎಂದರೆ, "ತಡಿ, ಟೂರ್ನಮೆಂಟ್ ಐತೆ" ಎನ್ನುತ್ತಾರೆ. ಹದಡಿಯಿಂದ ಬಂದ ನನ್ನವ್ವ ಮೈಲಮ್ಮ ಅಳಿಯನ ಕೈಯಲ್ಲಿದ್ದುದನ್ನು ಬಗ್ಗಿ ನೋಡಿ, "ಅಯ್ಯೋ ಶಿವನೇ, ಇಷ್ಟು ಹುಲ್ಲು ಐತಿ, ಒಂದು ದನಾನೂ ಕಾಣಂಗಿಲ್ಲಲ್ಲೇ!" ಎಂದು ಮರುಗಿದಳು. ಅಲ್ಲಿ ದನ ಬಿಡಂಗಿಲ್ಲ ಎಂದು ಇವರು ಕ್ಲಬ್ಬಿನ ಕಟ್ಟುಪಾಡುಗಳನ್ನು ಅತ್ತೆಗೆ ವಿವರಿಸಿದರು. ಅವ್ವ ಊಟ ಮಾಡುವಾಗಲೂ ಆ ಹುಲ್ಲಿನ ಚಿಂತೆಯಲ್ಲೇ ಇದ್ದಳು.

ಇನ್ನು ಇವತ್ತಿನ ಅಮಾವಾಸ್ಯೆಯ ವಿಷಯ. ನಮ್ಮೂರಲ್ಲಿ ಅಮಾವಾಸ್ಯೆ ಬಂತೆಂದರೆ ಓಡುವ, ತಿರುಗುವ, ಅನ್ನ ಕೊಡುವ ಯಾವ ವಸ್ತುವನ್ನೂ ಪೂಜೆಯಿಲ್ಲದೆ ಬಿಡುವುದಿಲ್ಲ. ಲಾರಿ, ಆಟೋ, ಹಿಟ್ಟಿನ ಗಿರಣಿ, ತಕ್ಕಡಿ, ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತೇವೆ. ಮಿಲ್ಲಿದ್ದಾಗ ನಮ್ಮವರು ತಮ್ಮ ಮಗ್ಗಕ್ಕೆ ತಾವೇ ಹೂ ಏರಿಸುತ್ತಿದ್ದರು. ಮಿಲ್ಲು ನಿಂತ ಮೇಲೆ, ನಾನು ಹೊಲಿಗೆ ಮಷಿನ್ನಿಗೆ ಪೂಜೆ ಮಾಡುವ ಹೊತ್ತಿಗೆ ಏನಾದರೂ ನೆಪ ಮಾಡಿ ಬೀದಿಗೆ ಹೋಗಿಬಿಡುತ್ತಿದ್ದರು. ಈ ಸಲ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ತಮ್ಮ ಪೆಟ್ಟಿಗೆಯನ್ನು ನನ್ನ ಹೊಲಿಗೆ ಮಷಿನ್ನಿನ ಪಕ್ಕದಲ್ಲಿಟ್ಟು ಕೈಮುಗಿದು ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವರ ಮುಖ ನೋಡಿದೆ, ವಿಭೂತಿಯ ತಟ್ಟೆಯನ್ನು ಕೈಗೆತ್ತಿಕೊಂಡೆ. ಪೂಜೆಗೆ ಕೂತವರಲ್ಲಿ ಪಂಕ್ತಿಭೇದ ಮಾಡಬಾರದಲ್ಲವೇ? ತಮಗೂ ವಿಭೂತಿ ಹಚ್ಚಿ, ಹೂ ಇಟ್ಟು, ಕರ್ಪೂರ ಬೆಳಗಿ, ಕಾಯಿ ಒಡೆದು, ಮಷಿನ್ನಿಗೆ ಚಿಮುಕಿಸಿದಷ್ಟೇ ಕಾಯಿನೀರನ್ನು ತಮ್ಮ ಮೇಲೂ ಚಿಮುಕಿಸಿದೆ. ತಾವು ಕೊಯ್ಯ್ ಎಂದು ಒಮ್ಮೆ ಕೂಗಿ ಕಣ್ಣು ಮುಚ್ಚಿದಿರಿ.

ಮಧ್ಯಾಹ್ನವೆಲ್ಲ ಅವರು ತಮ್ಮನ್ನು ಹತ್ತಿಯಿಂದ ಒರೆಸಿ, ಮಾಳಿಗೆಯ ಬಿಸಿಲಿಗಿಟ್ಟು, ಕಾಗೆ ಮುಟ್ಟದಂತೆ ಕಾವಲು ಕೂತರು. ಸಂಜೆಗೆ ತಾವು ಎದ್ದಿರಿ, ಮೀಸೆಯ ಒಂದು ಕೂದಲೂ ಕೊಂಕಿರಲಿಲ್ಲ. ಆದರೆ ನಮ್ಮವರ ಗುರುತು ತಮಗೆ ಹತ್ತಲಿಲ್ಲ. ಹೊಸಬರನ್ನು ಕೇಳುವ ಹಾಗೆ ಹೆಸರು ಕೇಳಿದಿರಿ. ಏರಿದ ಲೆವೆಲ್ಲೆಲ್ಲ ಕಾಯಿನೀರಿನಲ್ಲಿ ಹೋಗಿತ್ತು. ನನ್ನನ್ನು ಬಯ್ಯುತ್ತಾರೆಂದು ಸೆರಗು ಸಿಕ್ಕಿಸಿ ತಯಾರಾಗಿ ನಿಂತಿದ್ದೆ. ಅವರು ಬಯ್ಯಲಿಲ್ಲ. ಮತ್ತೆ ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದು, ಮತ್ತೆ ಒಂದನೇ ಲೆವೆಲ್ಲಿನಿಂದ ಚೆಂಡು ಹೊಡೆಯಲು ಸುರು ಮಾಡಿದರು, ಚೆಂಡು ಕೆರೆಗೆ ಬಿದ್ದರೂ ಬೇಸರಪಡಲಿಲ್ಲ. ನನಗೆ ತಡೆಯಲಾಗಲಿಲ್ಲ. "ಇಲ್ಲಿ ಮೊದ್ಲಿಂದ ಸುರು ಮಾಡಾಕ ಇಲ್ಲದ ನಾಚ್ಕಿ ಹರಿಹರದಾಗ ಯಾಕ ಬರ್ತೈತ್ರಿ?" ಎಂದು ಕೇಳಿಯೇಬಿಟ್ಟೆ.

ಅವರು ತಲೆ ಎತ್ತದೆ ಹೇಳಿದರು: "ಅಲ್ಲಿ ತಪ್ಪಿದ್ರೆ ನಾಕು ಮಂದಿ ನಗ್ತಾರೆ. ಇಲ್ಲಿ ಗುರುಗಳು ಏನಂದ್ರು ಗೊತ್ತೈತಾ? ಚೆಂಡು ನೀರಿಗೆ ಬಿದ್ದಾಗ್ಲೂ 'ನಿನ್ನಂಥ ಕೈ ನಾನು ನೋಡಿದ್ದು ಕಮ್ಮಿ, ಬಿಡಬ್ಯಾಡ' ಅಂದ್ರು. ನಸೀಮಾ ಇಂಗ್ಲೀಷ್ ಓದಿ ಹೇಳ್ಯಾಳೆ ಬೇಕಾರೆ ಕೇಳು. ಇಷ್ಟು ವರ್ಷ ಮಗ್ಗದ ಮುಂದೆ ನಿಂತೆ, ಒಬ್ಬನಾದ್ರೂ ಹಿಂಗಂದಿದ್ನಾ?"

ಗುರುಗಳೇ, ನನಗೆ ಅಳು ಬಂತು. ಅಳುವ ಬದಲು ಒಂದು ಉಪಾಯ ಮಾಡಿದೆ. "ಅಷ್ಟು ದೊಡ್ಡೋರು ಮೆಚ್ಚಿದ ಕೈಯನ್ನ ಮಸ್ತಾನಸಾಬ್ ಯಾಕ ಮೆಚ್ಚಂಗಿಲ್ರಿ? ಕೈ ಅದೇ ಅಲ್ಲೇನ್ರಿ?" ಎಂದೆ. ಅವರು ಪೆಟ್ಟಿಗೆ ಪಕ್ಕಕ್ಕಿಟ್ಟು ತಮ್ಮ ಎರಡೂ ಕೈಗಳನ್ನು ಬಹಳ ಹೊತ್ತು ನೋಡಿಕೊಂಡರು. "ಆತು, ನಾಳೆ ಒಂದಿನ ಹೋಗಿ ನೋಡ್ತೀನಿ" ಎಂದರು.

ತಾವು ಆಡಿದ ಒಂದೇ ಒಂದು ಮಾತಿನ ಮೇಲೆ ಒಬ್ಬ ಮನುಷ್ಯ ಹರಿಹರದ ಬಸ್ಸು ಹತ್ತುತ್ತಿರುವುದರಿಂದ, ಮುಂದಿನ ಜವಾಬ್ದಾರಿಯನ್ನೂ ತಾವೇ ವಹಿಸತಕ್ಕದ್ದೆಂದು ಪ್ರಾರ್ಥಿಸುತ್ತೇನೆ. ತಾವು ದಯಮಾಡಿ ಆ ಟೋಪಿಯ ಸಮೇತ ನನ್ನ ತಮ್ಮನ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, ಇವರು ಬೆಸೆದ ಸರಳು ಸೊಟ್ಟಗಾದಾಗ ಮಸ್ತಾನಸಾಬ್ ಬಾಯಿ ತೆರೆಯುವ ಮೊದಲೇ 'ನೈಸ್ ಶಾಟ್' ಎಂದು ಕೂಗಬೇಕು. ಸಂಜೆ ಅಂಗಡಿ ಮುಚ್ಚುವಾಗ ತಮ್ಮ ಆ ಲೆವೆಲ್ಲಿನ ಸಂಗೀತವನ್ನು ಬೀದಿಗೆಲ್ಲ ಕೇಳುವಂತೆ ಬಾರಿಸಬೇಕು. ಪರಶುರಾಮನಿಗೂ ನಾಲ್ಕು ಒಳ್ಳೆಯ ಮಾತು ಕಲಿಸಿಕೊಡಬೇಕು, ಅವನಿಗೆ ಚಿಕ್ಕಂದಿನಿಂದಲೂ ನಾಲಿಗೆ ಸ್ವಲ್ಪ ಒರಟು. ಇಷ್ಟರಲ್ಲಿ ಒಂದೂ ಕೈಲಾಗದಿದ್ದರೆ, ನಾಳೆ ಒಂದು ದಿನದ ಮಟ್ಟಿಗಾದರೂ ಅವರನ್ನು ಅರ್ಧ ದಾರಿಯಿಂದ ವಾಪಸು ಕರೆಯಬೇಡಿ.

ತಮ್ಮ ಶಿಷ್ಯರ ಹೆಂಡತಿ ಎಂಬ ಒಂದೇ ಕಾರಣಕ್ಕೆ
ತಮ್ಮ ವಿಶ್ವಾಸಿ,
ನೇತ್ರಾವತಿ

ಮರೆತ ಮಾತು: ಈ ಪತ್ರವನ್ನು ಅಂಚೆಗೆ ಹಾಕುವ ಮೊದಲೇ ಅವರು ಹರಿಹರಕ್ಕೆ ಹೋಗಿ, ಸಂಜೆ ಬೆರಳು ಸುಟ್ಟುಕೊಂಡು, ಮುಖ ಅರಳಿಸಿಕೊಂಡು ಬಂದರು. ನಾಳೆಯೂ ಹೋಗುತ್ತಾರಂತೆ. ಅವರಿಲ್ಲದ ಹೊತ್ತಿನಲ್ಲಿ ತಮ್ಮನ್ನು ಎದುರಾಬದುರು ನಾಲ್ಕು ಮಾತು ಕೇಳೋಣವೆಂದು ನಾನು ಪೆಟ್ಟಿಗೆ ತೆರೆದೆ. ಅವರ ಆಟಕ್ಕೆ ಧಕ್ಕೆಯಾಗದ ಹಾಗೆ ಬೇರೆ ಜಾಗದಲ್ಲಿ ನಸೀಮಾ ನನ್ನ ಹೆಸರು ಬರೆದುಕೊಟ್ಟಳು. ಗುಂಡಿ ಯಾವುದು, ಕೋಲು ಯಾವುದು ತಿಳಿಯದೆ ನಾನು ಹೊಡೆದ ಚೆಂಡೆಲ್ಲ ನೀರಿಗೇ ಬಿತ್ತು. ತಾವು ಬಂದು ಏನೋ ಹೇಳಿದಿರಿ. ಏನಂತಾರೆ ನೋಡೇ ಎಂದು ನಸೀಮಾಳನ್ನು ಕೇಳಿದೆ. ಅವಳು ಎರಡೆರಡು ಸಲ ಓದಿಕೊಂಡು, "ನಿನ್ನಂಥ ಕೈ ನಾನು ನೋಡಿದ್ದು ಕಮ್ಮಿ, ಬಿಡಬ್ಯಾಡ ಅಂತ ಬರ್ದೈತೆ ಅಕ್ಕಾ" ಎಂದಳು. ಇದನ್ನು ನಮ್ಮವರಿಗೆ ಹೇಳಬಾರದೆಂದು ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದೇನೆ. ನಾನಂತೂ ಸಾಯುವ ತನಕ ಹೇಳುವುದಿಲ್ಲ. ತಾವೂ ಬಾಯಿ ಬಿಡತಕ್ಕದ್ದಲ್ಲ.