ಒಂಟಿ ಕಾಲುಚೀಲ ಮತ್ತು ಸೊಸೆಯ ಇಂಟರ್‌ವ್ಯೂ

ಕೇಳದವರಿಗೂ ಬುದ್ಧಿ ಹೇಳುವ ಚಟ ನನಗಿದೆ. ಕಣ್ಣು, ಕಾಲು, ಒಳ್ಳೆಯ ಸೊಸೆ ಎಲ್ಲವನ್ನೂ ಕೊಟ್ಟ ದೇವರ ಹತ್ತಿರ, ಇದೊಂದನ್ನು ಯಾಕಪ್ಪಾ ಕೊಟ್ಟೆ ಎಂದು ಜಗಳವಾಡುವುದು ಹೇಗೆ? ಆದರೆ ಈ ಚಟ ಸೊಸೆಯ ಕೆಲಸಕ್ಕೇ ಕುತ್ತು ತರುವುದರಲ್ಲಿತ್ತು.

ಸೊಸೆ ಶ್ವೇತಾ ಅರಕಲಗೂಡಿನವಳು. ಒಂದು ಆಸ್ಪತ್ರೆಗೆ ಆರು ವರ್ಷ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಟ್ಟವಳು. ಮಗುವಾದ ಮೇಲೆ ಅದನ್ನು ಬಿಟ್ಟು, ಈಗ ಹಾಸನದ ನಮ್ಮ ಮನೆಯಿಂದಲೇ ಮಾಡುವಂಥ ಕೆಲಸ ಹುಡುಕುತ್ತಿದ್ದಳು. ಎರಡು ಕಂಪನಿಯವರು ಅವಳ ಅನುಭವದ ಬಗ್ಗೆ ಒಂದು ಮಾತೂ ಕೇಳದೆ, ಯಾವುದೋ ಒಗಟು ಕೊಟ್ಟು, ಅರ್ಧ ಗಂಟೆಯಲ್ಲಿ ಬಿಡಿಸಲಿಲ್ಲವೆಂದು ಬೇಡ ಅಂದಿದ್ದರು. ನನಗೇನೂ ಆಶ್ಚರ್ಯವಾಗಲಿಲ್ಲ. ಚನ್ನರಾಯಪಟ್ಟಣಕ್ಕೆ ನನ್ನನ್ನು ನೋಡಲು ಬಂದಾಗ ನಮ್ಮತ್ತೆ ತೆಂಗಿನಕಾಯಿ ಕೈಗೆ ಕೊಟ್ಟು, "ಅಲ್ಲಾಡ್ಸಿ ನೋಡಿ ಏಳವ್ವಾ, ಒಳ್ಗೆ ಎಷ್ಟು ನೀರೈತೆ?" ಅಂದಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷ, ಮತ್ತೆ ಯಾರೂ ಅದನ್ನು ಕೇಳಿಲ್ಲ.

"ಇದೂ ಹೋದ್ರೆ ಇನ್ನು ಅರ್ಜಿನೇ ಹಾಕಲ್ಲ ಅತ್ತೆ" ಎಂದು ಕಣ್ಣು ತುಂಬಿಕೊಂಡೇ ಶ್ವೇತಾ ಮೂರನೆಯದಕ್ಕೆ ಕೂತಳು. ನಾನು ತುಪ್ಪದ ದೀಪ ಹಚ್ಚಿ, ಪಕ್ಕದ ಕೋಣೆಯಲ್ಲಿ ಮೊಮ್ಮಗಳ ಕಾಲುಚೀಲ ಮಡಿಚುತ್ತಿದ್ದೆ. ಆ ಪರೀಕ್ಷೆಯಲ್ಲಿ ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕಂತೆ. ನನಗೇನು ಗೊತ್ತು? "ಎಲ್ಲಾ ಜೋಡಿ ಜೋಡಿ ಇದೆ, ಒಂದು ಮಾತ್ರ ಒಂಟಿ. ಬೇಗ ಹುಡುಕೋದು ಹೇಗೆ?" ಎಂದು ಅವಳು ಅಂದದ್ದು ಅಂಕಿಗಳ ಬಗ್ಗೆ. ನನ್ನನ್ನೇ ಕೇಳುತ್ತಿದ್ದಾಳೆ ಅಂದುಕೊಂಡೆ.

"ಗುಡ್ಡೆ ಕೆದಕ್ತಾ ಕೂತ್ಕೊಂಡ್ರೆ ಆಗಲ್ಲ ಕಣವ್ವ! ಒಂದೊಂದೇ ಎತ್ಕೋ. ಜೋಡಿ ಸಿಕ್ತಾ, ಎರಡನ್ನೂ ಆಚೆಗಿಡು. ಕೊನೇಗ್ ಉಳಿಯೋದೇ ಒಂಟಿ!"

ಕಂಪ್ಯೂಟರಿನಿಂದ ಗಂಡಸಿನ ದನಿ ಬಂತು: "ಯಾರು ಮೇಡಂ ಅದು?"

"ನಮ್ಮತ್ತೆ ಸರ್. ಅವರು ಹೇಳಿದ್ದೇ ಸರಿಯುತ್ತರ. ಇನ್ನು ಅದನ್ನ ನಂದು ಅಂತ ಹೇಳೋಕಾಗಲ್ಲ" ಅಂದಳು ಪುಣ್ಯಾತ್ಗಿತ್ತಿ. ಕೆಲಸ ಕೆಡಿಸಿದೆನಲ್ಲಾ ಎಂದು ನಾನು ದೇವರ ಮುಂದೆ ಹೋಗಿ ಕೆನ್ನೆ ಕೆನ್ನೆ ಬಡಿದುಕೊಂಡೆ.

ಆತ ನಕ್ಕುಬಿಟ್ಟ. ಒಗಟು ಸಾಕೆಂದು, ಅವರ ಆಫೀಸಿನಲ್ಲೇ ಕೆಟ್ಟು ಕೂತಿದ್ದ ಒಂದು ಪ್ರೋಗ್ರಾಮ್ ತೋರಿಸಿದ. ಇಂಥವನ್ನು ಆರು ವರ್ಷ ರಿಪೇರಿ ಮಾಡಿದವಳು, ನಾನು ಕಾಫಿ ಸೋಸುವುದರೊಳಗೆ ತಪ್ಪು ಹಿಡಿದಳು. ಮೂರನೆಯ ದಿನ ಕೆಲಸದ ಪತ್ರ ಬಂತು.

ಈಗ ದಿನಾ ಹತ್ತೂವರೆಗೆ ಅವಳಿಗೆ ಮೀಟಿಂಗು. ಹತ್ತೂಕಾಲಕ್ಕೇ ಹೂವಿನ ಬುಟ್ಟಿ ನನ್ನ ಕೈಗೆ ಕೊಟ್ಟು, "ನಿಧಾನಕ್ಕೆ ಹೋಗ್ಬನ್ನಿ ಅತ್ತೆ, ಹನ್ನೊಂದು ಪ್ರದಕ್ಷಿಣೆ ಹಾಕಿ" ಎಂದು ಬಾಗಿಲವರೆಗೂ ಬಂದು ಕಳಿಸುತ್ತಾಳೆ. ಶನಿವಾರ ಮಾತ್ರ ಸಿಗುತ್ತಿದ್ದ ದರ್ಶನ ಈಗ ದಿನಾ ಸಿಗುತ್ತಿದೆ. ನನ್ನ ಭಕ್ತಿ ಹೆಚ್ಚಾಗಿದೆ ಎಂದು ಅರ್ಚಕರು ಎಲ್ಲರ ಮುಂದೆ ಹೊಗಳುತ್ತಾರೆ. ನಾನು ತಲೆ ತಗ್ಗಿಸಿ ತೀರ್ಥ ತಗೊಳ್ಳುತ್ತೇನೆ.