ಹೊಲಿಗೆ ಮೆಷಿನ್ನಿಗೆ ಕೊಬ್ಬರಿ ಎಣ್ಣೆ

ಬೇರೆಯವರು ಕೆಲಸ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ನೋಡುವುದು ನನ್ನ ಹುಟ್ಟುಗುಣ. ಇದನ್ನು ಸೋಮಾರಿತನ ಎನ್ನುವವರಿದ್ದಾರೆ. ನನ್ನ ಹೆಂಡತಿ ಜಾನಕಿಯೂ ಅವರಲ್ಲಿ ಒಬ್ಬಳು. ಆದರೆ ನೋಡುವುದಕ್ಕೂ ಒಂದು ಶ್ರದ್ಧೆ ಬೇಕು ಎಂಬುದು ನನ್ನ ವಾದ. ನಾವು ಮನೆ ಮಾಡಿದಾಗ ಜಯನಗರ ಅರ್ಧ ಬಡಾವಣೆ, ಅರ್ಧ ಬಯಲು. ಒಂದು ಮನೆ, ಮೂರು ಖಾಲಿ ಸೈಟು, ಮತ್ತೆ ಒಂದು ಮನೆ. ಎಲ್ಲಿ ನೋಡಿದರೂ ಕಲ್ಲು ಒಡೆಯುವವರು, ಬಾವಿ ತೋಡುವವರು, ಗಾರೆ ಕಲಸುವವರು. ಕಚೇರಿಯಿಂದ ಸೈಕಲ್ಲಿನಲ್ಲಿ ಮನೆಗೆ ಬರಲು ಅರ್ಧ ಗಂಟೆ ಸಾಕು. ನನಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಒಮ್ಮೆ ನಮ್ಮ ರಸ್ತೆಯ ತುದಿಯಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ, ನಾನು ವಾರವಿಡೀ ನಿಂತು ನೋಡಿದ್ದನ್ನು ಕಂಡು ಮನೆಯ ಯಜಮಾನ ನಾನೇ ಎಂದುಕೊಂಡು, ಬಚ್ಚಲಿನ ಕಿಟಕಿ ಯಾವ ಗೋಡೆಗೆ ಇಡಲಿ ಎಂದು ಕೇಳಿದ. ನಾನೂ ಹೇಳಿಬಿಟ್ಟೆ. ಆ ಕಿಟಕಿ ಇವತ್ತಿಗೂ ರಸ್ತೆಗೆ ಮುಖಮಾಡಿಕೊಂಡಿದೆ. ಆದ್ದರಿಂದ ನನ್ನ ಅನುಭವದ ಮಾತು ಇಷ್ಟೇ: ಸುಮ್ಮನೆ ನೋಡುವವನಿಂದ ಯಾರಿಗೂ ತೊಂದರೆಯಿಲ್ಲ, ಅವನು ಸಹಾಯ ಮಾಡಲು ಹೊರಟನೆಂದರೆ ಮಾತ್ರ ಮನೆಯವರು ಎಚ್ಚರದಿಂದಿರಬೇಕು.

ನಮ್ಮ ಮನೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮೆಷಿನ್ನು ಇತ್ತು. ಜಾನಕಿಯ ತವರಿನಿಂದ ಬಂದದ್ದು. ದಿಂಬಿನ ಚೀಲ, ನನ್ನ ಪೈಜಾಮ, ಹಳೆಯ ಸೀರೆಯಿಂದ ಕಿಟಕಿ ಪರದೆ, ಇಂಥವನ್ನೆಲ್ಲ ಅವಳು ಅದರಲ್ಲಿ ಹೊಲಿಯುತ್ತಿದ್ದಾಗ ನಾನು ಹೆಚ್ಚು ಗಮನ ಕೊಟ್ಟವನಲ್ಲ. ಒಂದು ಭಾನುವಾರ ನೋಡುತ್ತೇನೆ, ಬಟ್ಟೆಯನ್ನು ಒತ್ತಿ ಹಿಡಿಯುವ ಪುಟ್ಟ ಲೋಹದ ಪಾದವನ್ನೇ ಬಿಚ್ಚಿ ಪಕ್ಕಕ್ಕಿಟ್ಟಿದ್ದಾಳೆ. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಹಲ್ಲುಗಳ ಮೇಲೆ ತೆಳು ತಗಡು ಮುಚ್ಚಿದ್ದಾಳೆ. ಬಿಳಿ ಬಟ್ಟೆಯನ್ನು ಬಿದಿರಿನ ರಿಂಗಿನಲ್ಲಿ ತಮಟೆಯ ಚರ್ಮದಂತೆ ಬಿಗಿದು ಸೂಜಿಯ ಕೆಳಗೆ ಇಟ್ಟಿದ್ದಾಳೆ.

“ಅಯ್ಯೋ, ಅದನ್ಯಾಕೆ ಬಿಚ್ಚಿದೆ? ಬಟ್ಟೆ ಹಿಡ್ಕೊಳ್ಳೋದು ಯಾರು?” ಎಂದೆ.

“ನಾನು.”

“ತಳ್ಳೋದು?”

“ಅದೂ ನಾನೇ. ಸ್ವಲ್ಪ ಬೆಳಕು ಬಿಡ್ತೀರಾ?”

ನಾನು ಕಿಟಕಿಯಿಂದ ಸರಿದು ನಿಂತೆ. ಅವಳು ತುಳಿಯತೊಡಗಿದಳು. ಸೂಜಿ ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತಿತ್ತು. ಅವಳ ಎರಡು ಕೈಗಳು ರಿಂಗನ್ನು ಹಿಡಿದು ಹಿಂದೆ, ಮುಂದೆ, ಓರೆಯಾಗಿ, ಸುತ್ತಿ ಓಡಿಸುತ್ತಿದ್ದವು. ನೋಡನೋಡುತ್ತ ಬಿಳಿ ಬಟ್ಟೆಯ ಮೇಲೆ ಒಂದು ಎಲೆ ಬಂತು. ಅಂಚು ಬಂತು, ನರ ಬಂತು, ತುದಿಯಲ್ಲಿ ಸ್ವಲ್ಪ ಬಾಡಿದ ಬಣ್ಣವೂ ಬಂತು. ನಾವೆಲ್ಲ ಬರೆಯುವಾಗ ಕಾಗದ ಸುಮ್ಮನಿರುತ್ತದೆ, ಪೆನ್ನು ಓಡಾಡುತ್ತದೆ. ಇಲ್ಲಿ ಪೆನ್ನು ನಿಂತಿದೆ, ಕಾಗದ ಓಡಾಡಿ ಚಿತ್ರವಾಗುತ್ತಿದೆ! ಒಪ್ಪಿಕೊಳ್ಳುತ್ತೇನೆ, ನನಗೆ ಮೈ ಜುಮ್ಮೆಂದಿತು. ಏಳು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ಇವಳೇನಾ ಎನ್ನಿಸಿತು. “ಯಾರು ಹೇಳಿಕೊಟ್ಟರು?” ಎಂದು ಕೇಳಿದೆ. “ಯಾರೂ ಇಲ್ಲ. ಆರು ತಿಂಗಳಿಂದ ಮಧ್ಯಾಹ್ನದ ಹೊತ್ತು ಮಾಡ್ತಾ ಇದೀನಿ. ಎಂಟು ಸೂಜಿ ಮುರ್ದಿದೀನಿ” ಎಂದಳು. ಊರಿನ ಮೇಸ್ತ್ರಿಗಳ ಕೆಲಸವನ್ನೆಲ್ಲ ನೋಡಿದ ನನಗೆ ನನ್ನದೇ ಮನೆಯಲ್ಲಿ ಮುರಿದ ಎಂಟು ಸೂಜಿಗಳು ಕಂಡಿರಲಿಲ್ಲ.

ಮರುದಿನ ಕಚೇರಿಯಲ್ಲಿ ನಾನೂ ಪ್ರಯತ್ನಿಸಿದೆ. ಬಲಗೈಯಲ್ಲಿ ಪೆನ್ನನ್ನು ಅಲ್ಲಾಡದಂತೆ ನೆಟ್ಟಗೆ ಹಿಡಿದು, ಎಡಗೈಯಿಂದ ಕಾಗದವನ್ನು ಎಳೆದಾಡಿ ನನ್ನ ಹೆಸರು ಬರೆಯಲು ನೋಡಿದೆ. ಹೆಸರಿನ ಮೊದಲ ಅಕ್ಷರ ತಲೆಕೆಳಗಾಗಿ ಬಂತು, ಎರಡನೆಯದು ಬರಲೇ ಇಲ್ಲ. ಬೆನ್ನ ಹಿಂದೆ ಬಂದು ನಿಂತ ಹೆಡ್ ಕ್ಲಾರ್ಕು, “ಏನ್ರೀ ಇದು? ಮೈಯಲ್ಲಿ ಹುಷಾರಿಲ್ವಾ?” ಎಂದರು. ನಾನು ವಿವರಿಸಿದೆ. ಅವರು ಒಂದು ಕ್ಷಣ ಯೋಚಿಸಿ, ಬಾಗಿಲ ಕಡೆ ನೋಡಿ, ತಾವೂ ಒಂದು ಹಾಳೆ ತೆಗೆದುಕೊಂಡರು. ಅವರ ಹೆಸರೂ ಬರಲಿಲ್ಲ.

ಇದೇ ಸಮಯಕ್ಕೆ ನಮ್ಮ ಬಡಾವಣೆಯ ಮಹಿಳಾ ಸಮಾಜದವರು ಹೊಲಿಗೆ ಕ್ಲಾಸು ತೆರೆಯುವುದಾಗಿ ತೀರ್ಮಾನಿಸಿದರು. ಟೀಚರ್ ಒಬ್ಬರು ಬೇಕು. ಆಸೆಯುಳ್ಳವರು ತಾವೇ ಮಾಡಿದ ಒಂದು ಕಸೂತಿ ಕೆಲಸವನ್ನು ಸೋಮವಾರ ಹನ್ನೊಂದಕ್ಕೆ ತರಬೇಕು. ಸಿಟಿಯಿಂದ ಅನುಭವಸ್ಥ ಮೇಡಂ ಒಬ್ಬರು ಬಂದು ಆರಿಸುತ್ತಾರೆ. ಈ ಸುದ್ದಿ ಕೇಳಿದ ದಿನ ಜಾನಕಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಕಾರಣ ನನಗೆ ಗೊತ್ತಿತ್ತು. ಮದುವೆಗೆ ಮುಂಚೆ ಅವಳಿಗೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು. ಅದೇ ತಿಂಗಳು ನಾನು ಅವಳನ್ನು ನೋಡಲು ಹೋಗಿ, ಉಪ್ಪಿಟ್ಟು ತಿಂದು, ಒಪ್ಪಿಗೆ ಎಂದು ಹೇಳಿ ಬಂದೆ. ಅವಳು ಅದನ್ನು ಏಳು ವರ್ಷದಲ್ಲಿ ಒಂದೇ ಒಂದು ಸಲ ಹೇಳಿದ್ದಳು, ಅದೂ ನಗುತ್ತ. ಆ ನಗು ನನಗೆ ಆಗಾಗ ನೆನಪಾಗುತ್ತಿತ್ತು.

ಸೋಮವಾರ ಒಯ್ಯಲೆಂದು ಅವಳು ಆರಿಸಿಕೊಂಡ ಮೇಜಿನ ಹಾಸುಬಟ್ಟೆಗೆ ಏನು ಚಿತ್ರ ಹಾಕುವುದೆಂಬ ಚರ್ಚೆಯಲ್ಲಿ ನಾನು ಗುಲಾಬಿಯ ಪಕ್ಷ. ಗುಲಾಬಿ, ಹಂಸ, ಇಲ್ಲವೇ ಬುಟ್ಟಿ ಹಿಡಿದ ಹುಡುಗಿ, ಇವು ಮರ್ಯಾದಸ್ಥ ಚಿತ್ರಗಳು. ಜಾನಕಿ ಪಕ್ಕದ ಖಾಲಿ ಸೈಟಿನಲ್ಲಿ ಹಬ್ಬಿದ್ದ ಕುಂಬಳದ ಬಳ್ಳಿಯನ್ನು ಹಾಕುತ್ತೇನೆಂದಳು. “ಕುಂಬಳಾನ? ಅದರ ಮೇಲೆ ಕಾಫಿ ಲೋಟ ಇಡ್ತಾರೇನೇ?” ಎಂದು ನಕ್ಕೆ. “ಗುಲಾಬೀನ ನಾನು ನೋಡಿರೋದು ಲಾಲ್‌ಬಾಗ್‌ನಲ್ಲಿ, ಬೇಲಿ ಆಚೆಯಿಂದ. ಇದನ್ನ ದಿನಾ ಪಾತ್ರೆ ಉಜ್ಜುವಾಗ ನೋಡ್ತೀನಿ” ಎಂದಳು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಳ್ಳಿ ಹಬ್ಬಿತ್ತು, ಎಲೆಗಳು ಮುಗಿದಿದ್ದವು. ಹೂಗಳು, ಸುರುಳಿ ಸುತ್ತಿದ ಕುಡಿಗಳು ಬಾಕಿ. ಅವಳು ಹಳದಿ ದಾರ ತರಲು ಬಸವನಗುಡಿಗೆ ಹೋದಳು. ನಾನು ಅರ್ಧ ದಿನದ ಕಚೇರಿ ಮುಗಿಸಿ ಬಂದವನು ಮನೆಯಲ್ಲಿ ಒಬ್ಬನೇ ಉಳಿದೆ.

ಆಗ ನನಗೆ ಸಹಾಯ ಮಾಡುವ ಬುದ್ಧಿ ಬಂತು. ಮೆಷಿನ್ನು ಕಿರ್ ಎನ್ನುತ್ತಿದೆ ಎಂದು ಬೆಳಿಗ್ಗೆ ಅವಳು ಹೇಳಿದ್ದಳು. ಎಣ್ಣೆಯ ಡಬ್ಬಿ ನೋಡಿದೆ; ಖಾಲಿ. ಸರಿ, ಇಂಥ ಎಲೆಗಳನ್ನು ಬಿಡಿಸುವ ಯಂತ್ರಕ್ಕೆ ಆ ನಾತದ ಎಣ್ಣೆಯೇ ಯಾಕೆ? ಅವಳ ತವರಿನ ಗಾಣದಿಂದ ಬಂದ ಅಪ್ಪಟ ಕೊಬ್ಬರಿ ಎಣ್ಣೆ ಬಚ್ಚಲು ಮನೆಯಲ್ಲೇ ಇದೆ. ಯಂತ್ರಕ್ಕೆ ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ಬಿಟ್ಟೆ. ಚಕ್ರಕ್ಕೆ ಬಿಟ್ಟೆ. ಚಕ್ರಕ್ಕೆ ಸುತ್ತಿದ್ದ ಚರ್ಮದ ಬೆಲ್ಟು ಒಣಗಿದಂತೆ ಕಂಡಿತು, ಪಾಪ, ಅದಕ್ಕೂ ನೀವಿದೆ. ತಿರುಗಿಸಿ ನೋಡಿದರೆ ಸದ್ದೇ ಇಲ್ಲ. ಅವಳು ಬಂದ ಮೇಲೆ ಹೇಳಲಿಲ್ಲ, ತಾನಾಗಿ ಗೊತ್ತಾಗಿ ಸಂತೋಷಪಡಲಿ ಎಂದು. ಅದು ಧನುರ್ಮಾಸ. ಆ ಚಳಿಗೆ ಬೆಣ್ಣೆಯಂತೆ ಗಟ್ಟಿಯಾಗುವ ಕೊಬ್ಬರಿ ಎಣ್ಣೆಯ ಸೀಸೆಯನ್ನು ಪ್ರತಿದಿನ ಬೆಳಿಗ್ಗೆ ಹಂಡೆ ಒಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದವನು ನಾನೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಗೊತ್ತಿಲ್ಲದೆ ಮಾಡಿದೆ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ನನಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಾನಕಿ ಮೆಷಿನ್ನಿನ ಮುಂದೆ ಕುಳಿತು ತುಳಿದರೆ ಹಲಗೆ ಅಲ್ಲಾಡಿತು, ಬೆಲ್ಟು ಜಾರಿತು, ಚಕ್ರ ಮಿಸುಕಲಿಲ್ಲ. ಕೈಯಿಂದ ತಿರುಗಿಸಿದಳು. ಇಲ್ಲ. ಬಗ್ಗಿ ಮೂಸಿದಳು. ಆಮೇಲೆ ನನ್ನ ತಲೆಯ ಕಡೆ ನೋಡಿದಳು. “ಏನೂಂದ್ರೆ, ಇದಕ್ಕೇನು ಹಾಕಿದ್ರಿ?” ನಾನು ಹೇಳಿದೆ. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. “ಹೋಗ್ಲಿ ಬಿಡಿ. ನನ್ನ ಹಣೇಲಿ ಟೀಚರ್ ಆಗೋದು ಬರ್ದಿಲ್ಲ” ಎಂದು ಹಳದಿ ದಾರದ ಉಂಡೆಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ ಅಡಿಗೆಮನೆಗೆ ಹೋದಳು. ಎರಡನೆಯ ಸಲವೂ ಅಡ್ಡ ಬಂದವನು ನಾನೇ. ಚಪ್ಪಲಿ ಹಾಕಿಕೊಳ್ಳದೆ ಸೈಕಲ್ ಹತ್ತಿದೆ.

ಮೆಷಿನ್ ರಿಪೇರಿಯ ಬಾಷಾ ಸಾಬರ ಮನೆ ಬಸವನಗುಡಿಯ ಆಚೆ. ಅವರು ತಿಂಡಿ ತಿನ್ನುತ್ತಿದ್ದವರು ನನ್ನ ಮುಖ ನೋಡಿ, ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡು ಎದ್ದೇ ಬಂದರು. ಬಂದು, ಮೆಷಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಬೆಳ್ಳಗೆ ಹೆಪ್ಪುಗಟ್ಟಿದ್ದನ್ನು ಬೆರಳಿಗೆ ಹಚ್ಚಿಕೊಂಡು ಕೇಳಿದರು: “ಸಾರ್, ಇದು ಮೆಷಿನ್ನೋ, ತಲೆನೋ?” ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ಕೆರೆದು ಕಾಗದಕ್ಕೆ ಒರೆಸಿದರು. “ಅಮ್ಮಾ, ಎಣ್ಣೆ ಮಾತ್ರ ಒಳ್ಳೇದು. ಎಲ್ಲಿಂದ ತರಿಸ್ತೀರಾ?” ಎಂದು ಜಾನಕಿಯನ್ನು ವಿಚಾರಿಸಿದರು. ಸೀಮೆಎಣ್ಣೆ ಬಿಟ್ಟು ತೊಳೆದ ಮೇಲೆ ಯಂತ್ರಕ್ಕೆ ಜೀವ ಬಂತು. ಬೆಲ್ಟಿಗೆ ಬರಲಿಲ್ಲ. ಎಣ್ಣೆ ಕುಡಿದ ಚರ್ಮ ಚಕ್ರದ ಮೇಲೆ ನಿಲ್ಲುವುದಿಲ್ಲ. ಹೊಸದು ಬೇಕೆಂದರೆ ಅಂಗಡಿ ಸೋಮವಾರ ಹತ್ತಕ್ಕೆ. ಸಾಬರು ಗಡ್ಡ ಕೆರೆದುಕೊಂಡು, ತಮ್ಮ ಪೆಟ್ಟಿಗೆಯಿಂದ ಕೈಮೆಷಿನ್ನಿನ ಹಿಡಿಯೊಂದನ್ನು ತೆಗೆದು ಚಕ್ರಕ್ಕೆ ಜೋಡಿಸಿದರು. “ಅಮ್ಮನಿಗೆ ಎರಡು ಕೈನೂ ಬಟ್ಟೆ ಮೇಲೆ ಬೇಕು. ತಿರುಗ್ಸೋಕೆ ಇನ್ನೊಂದು ಜನ ಬೇಕಲ್ಲ” ಎಂದು ನನ್ನ ಕಡೆ ನೋಡಿದರು. ಜಾನಕಿಯೂ ನೋಡಿದಳು, ಬಹಳ ಹೊತ್ತು ಯೋಚಿಸಿದಳು.

“ಒಂದೇ ಸಮ ತಿರುಗಿಸ್ಬೇಕು. ‘ಸಾಕು’ ಅಂದ ತಕ್ಷಣ ನಿಲ್ಲಿಸ್ಬೇಕು. ಚಕ್ರ ನೋಡಿ, ಹೂವ ನೋಡ್ಬೇಡಿ.” ಇವು ನನಗೆ ಸಿಕ್ಕ ಆದೇಶಗಳು. ಒಂದು ಸ್ಟೂಲಿನ ಮೇಲೆ ಕುಳಿತು ತಿರುಗಿಸಿದೆ. ಊಟದ ಹೊತ್ತಿನವರೆಗೆ ಸರ್ಕಾರದ ಯಾವ ಆದೇಶವನ್ನೂ ಪಾಲಿಸದಷ್ಟು ನಿಷ್ಠೆಯಿಂದ ಇವನ್ನು ಪಾಲಿಸಿದೆ. ಭುಜ ನೋಯುತ್ತಿತ್ತು. ಕಿವಿಯ ಪಕ್ಕದಲ್ಲಿ ಸೂಜಿಯ ಟಕಟಕ, ಅವಳ ಬಳೆಗಳ ಸದ್ದು, ಉಸಿರು. ಮೂರು ಹೂಗಳು ಮುಗಿದವು, ಒಂದನ್ನೂ ನೋಡಲಿಲ್ಲ. ನಾಲ್ಕನೆಯದು ಮುಗಿದು ಅದರ ಪಕ್ಕದ ಕುಡಿ ನಡೆಯುತ್ತಿದ್ದಾಗ ತಡೆಯಲಾಗಲಿಲ್ಲ, ಕಣ್ಣೆತ್ತಿದೆ. ಅಬ್ಬಾ! ಹೂವು ಬಟ್ಟೆಯ ಮೇಲಿರಲಿಲ್ಲ. ಬಟ್ಟೆಯಿಂದ ಎದ್ದು ನಿಂತಿತ್ತು. ಒಳಗೆ ಗಾಢವಾದ ಅರಿಸಿನ, ಅಂಚಿಗೆ ಬರುತ್ತ ಬಿಸಿಲಿನಲ್ಲಿ ಬೆಳ್ಳಗಾದ ಹಳದಿ. ಕುಡಿ ಗಾಳಿಯಲ್ಲಿ ಏನನ್ನೋ ಹುಡುಕುತ್ತ ಸುರುಳಿ ಸುತ್ತುತ್ತಿತ್ತು. ಏಳು ವರ್ಷ ನನಗೆ ಅನ್ನ ಬಡಿಸಿದ ಕೈ ಇದು. ಕಣ್ಣು ತುಂಬಿ ಬಂದದ್ದನ್ನು ಯಾಕೆ ಮುಚ್ಚಿಡಲಿ?

“ಸಾಕು! ಏನೂಂದ್ರೆ, ಸಾಕು ಅಂದೆ!”

ಅವಳ ಕೈ ಯಾವಾಗಲೋ ನಿಂತಿತ್ತು. ನನ್ನದು ಮಾತ್ರ ತಿರುಗುತ್ತಲೇ ಇತ್ತು. ಸೂಜಿ ಒಂದೇ ಜಾಗದಲ್ಲಿ ಚುಚ್ಚಿ ಚುಚ್ಚಿ, ಕುಡಿ ಬಂದು ತಾಗಿದ್ದ ಎಲೆಯ ಮೇಲೆ ತೊಗರಿಬೇಳೆಯಷ್ಟು ದಪ್ಪದ ಗಂಟು ಕೂತಿತ್ತು. ಬಿಚ್ಚಲು ಹೋದರೆ ಬಟ್ಟೆ ಹರಿಯುತ್ತದೆ. ನಾನು ಹಿಡಿ ಬಿಟ್ಟು ಗೋಡೆ ನೋಡುತ್ತ ಕುಳಿತೆ. ಅವಳು ಎದ್ದು ಹೋದಳು. ಕಿಟಕಿಯಿಂದ ನೋಡಿದರೆ ಖಾಲಿ ಸೈಟಿನಲ್ಲಿ ಕುಂಬಳದ ಎಲೆಗಳನ್ನು ಮಗುಚಿ ಮಗುಚಿ ಏನನ್ನೋ ಹುಡುಕುತ್ತಿದ್ದಾಳೆ. ಬಂದು, ಸೂಜಿಗೆ ಕೆಂಪು ದಾರ ಪೋಣಿಸಿ, “ತಿರುಗಿಸಿ, ಮೆಲ್ಲಗೆ” ಎಂದಳು. ಹತ್ತು ನಿಮಿಷದಲ್ಲಿ ಆ ಗಂಟಿಗೆ ಕೆಂಪು ಬೆನ್ನು ಬಂತು, ಆರು ಕಾಲು ಬಂತು, ಎರಡು ಮೀಸೆ ಬಂತು. ಕುಂಬಳ ಬೆಳೆಸಿದವರಿಗೆಲ್ಲ ಗೊತ್ತಿರುವ, ಎಲೆ ತಿನ್ನುವ ಆ ಕೆಂಪು ಹುಳ.

ಸೋಮವಾರ ಅರ್ಧ ದಿನ ರಜೆ ಹಾಕಿ ಸಮಾಜದ ಕಿಟಕಿಯ ಹೊರಗೆ ನಿಂತೆ. ಒಳಗೆ ಗುಲಾಬಿಗಳ ತೋಟವೇ ಇತ್ತು, ಹಂಸಗಳೂ ಸಾಕಷ್ಟಿದ್ದವು. ಸಿಟಿಯ ಮೇಡಂ ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಯಾವ ಬಟ್ಟೆಯನ್ನೂ ಮುಂದಿನಿಂದ ನೋಡಲಿಲ್ಲ. ಮೊದಲು ಮಗುಚಿ ಹಿಂಭಾಗ ನೋಡುವುದು, ಅಲ್ಲಿನ ದಾರ ಗೋಜಲಾಗಿದ್ದರೆ ಪಕ್ಕಕ್ಕೆ ಇಡುವುದು. ಜಾನಕಿಯ ಬಟ್ಟೆಯ ಹಿಂಭಾಗ ಮುಂದಿನಷ್ಟೇ ಚೊಕ್ಕವಾಗಿತ್ತು, ಒಂದು ಜಾಗ ಬಿಟ್ಟು. ಮೇಡಂ ಅಲ್ಲೇ ಬೆರಳಿಟ್ಟರು.

“ಇದೇನಮ್ಮ?”

“ಹುಳ, ಮೇಡಂ.”

ಮಗುಚಿ ನೋಡಿದರು. ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. “ನೀನು ಬೇಕೂಂತ ಹಾಕಿದ್ದೋ, ತಾನಾಗಿ ಬಂದಿದ್ದೋ?”

“ತಾನಾಗಿ ಬಂತು, ಮೇಡಂ. ಬಂದ್ಮೇಲೆ ಕಾಲು ಹಾಕ್ದೆ.”

ಮೇಡಂ ಜೋರಾಗಿ ನಕ್ಕರು. “ಮಕ್ಕಳು ತಪ್ಪು ಹೊಲಿದ್ರೆ ಬಿಚ್ಚು ಅನ್ನೋ ಟೀಚರ್‌ಗಳು ಬೇಕಾದಷ್ಟು ಜನ ಇದ್ದಾರೆ. ನೀನು ಬಾಮ್ಮ” ಎಂದರು. ಜಾನಕಿ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು. ನಾನು ಕೊಡೆ ಬಿಚ್ಚಿ ಮುಖ ಮರೆಮಾಡಿಕೊಂಡೆ. ಮಳೆಯಿರಲಿಲ್ಲ.

ಕ್ಲಾಸು ಚೆನ್ನಾಗಿ ನಡೆಯಿತು. ಕುಂಬಳದ ಬಳ್ಳಿಯೇ ಅಲ್ಲಿ ದೊಡ್ಡ ಪಾಠವಾಯಿತು. ಹುಡುಗಿಯರು ಅದನ್ನು ತೆಳು ಕಾಗದದ ಮೇಲೆ ಗೆರೆ ತಪ್ಪದೆ ಇಳಿಸಿಕೊಂಡರು, ಹುಳವನ್ನೂ ಸೇರಿಸಿ. ಒಂದು ಸಂಜೆ ಅವರಲ್ಲೊಬ್ಬಳು ಮನೆಗೆ ಬಂದಳು. “ಟೀಚರ್, ಎಲೆ ಬಂತು, ಹೂವ ಬಂತು. ಹುಳ ಮಾತ್ರ ನಿಮ್ಮದರ ಹಾಗೆ ಉಬ್ಬಿ ಬರ್ತಿಲ್ಲ” ಎಂದಳು. ಜಾನಕಿ ಹೊಲಿಗೆಯಿಂದ ತಲೆಯೆತ್ತದೆ, “ಅದು ನನಗೂ ಬರಲ್ಲ ಕಣಮ್ಮ. ಅದು ಅವರ ಕೈಕೆಲಸ. ಹೋಗಿ ಕೇಳು” ಎಂದಳು.

ಹುಡುಗಿ ವರಾಂಡಕ್ಕೆ ಬಂದು, ನೋಟುಪುಸ್ತಕ ತೆರೆದು, ಪೆನ್ಸಿಲ್ ಹಿಡಿದು ಭಯಭಕ್ತಿಯಿಂದ ನಿಂತಳು. ಇಷ್ಟು ವರ್ಷದ ಗುಮಾಸ್ತಗಿರಿಯಲ್ಲಿ ನನ್ನ ಯಾವ ಕೆಲಸವನ್ನೂ ಕಲಿಯಲು ಯಾರೂ ಬಂದಿರಲಿಲ್ಲ. ಪೇಪರು ಮಡಿಸಿಟ್ಟೆ, ಗಂಟಲು ಸರಿಮಾಡಿಕೊಂಡೆ. ಒಳಗೆ ಮೆಷಿನ್ನಿನ ಸದ್ದು ನಿಂತಿತು. ಜಾನಕಿಯೂ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

“ಮೊದಲು ಹೂವಿನ ಕಡೆ ನೋಡಬೇಕಮ್ಮ” ಎಂದೆ.

ಅವಳು ಅದನ್ನು ಬರೆದುಕೊಂಡಳು.